ದವಡೆ ನೋವಿನ ಲೇಸರ್‌ಗೆ ಮುಂಗಡ ಹಣ ಕಟ್ಟುವ ಮೊದಲು ಇದನ್ನು ಓದಿ

ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಏಕೆಂದರೆ ಆರು ಬಾರಿ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತು, ನಡೆಯಿತೋ ಇಲ್ಲವೋ ತಿಳಿಯದ ಚಿಕಿತ್ಸೆಗೆ "ನೋವು ಕಡಿಮೆಯಾಗಿದೆ" ಎಂದು ಸಹಿ ಮಾಡಿ ಕೊಟ್ಟಿದ್ದು ಬೇರೆ ಯಾರೂ ಅಲ್ಲ, ನಾನೇ.

ಕಿವಿಯ ಮುಂದಿನ ಕೀಲಿನಲ್ಲಿ ಕಟಕಟ ಸದ್ದು ಬರುತ್ತದೆ, ಬೆಳಗ್ಗೆ ಏಳುವಾಗ ಕೆನ್ನೆ ಬಿಗಿದಿರುತ್ತದೆ, ಅಗಿಯುವಾಗ ನೋವು ಕಣತಲೆಯವರೆಗೆ ಏರುತ್ತದೆ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಕ್ಲಿನಿಕ್‌ನ ವೈದ್ಯರು ಇದು ಟಿಎಂಡಿ, ಅಂದರೆ ದವಡೆಯ ಕೀಲು ಮತ್ತು ಸ್ನಾಯುಗಳ ತೊಂದರೆ ಎಂದರು. ಹತ್ತು ಸಿಟ್ಟಿಂಗ್ ಲೇಸರ್, ಹಣ ಪೂರ್ತಿ ಮುಂಗಡ ಎಂದೂ ಸೇರಿಸಿದರು. ದವಡೆಯನ್ನು ಮುಟ್ಟಿ ನೋಡಲಿಲ್ಲ, ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆಯಲಿಲ್ಲ, ಹಲ್ಲು ಕಚ್ಚುವ ಅಭ್ಯಾಸವಿದೆಯೇ ಎಂದೂ ಕೇಳಲಿಲ್ಲ. ಮುಟ್ಟದೆಯೇ ರೋಗ ಹೇಳಿದವರಿಗೆ ನಾನು ಹಣ ಎಣಿಸಿ ಕೊಟ್ಟೆ.

ಮೂರನೆಯ ಸಿಟ್ಟಿಂಗ್ ಹೊತ್ತಿಗೆ ನಿಜಕ್ಕೂ ಹಗುರವೆನಿಸಿತ್ತು. ಈ ನೋವು ತಾನಾಗಿ ಏರಿಳಿಯುವಂಥದ್ದು, ಚಿಕಿತ್ಸೆಯ ಮೇಲಿನ ನಂಬಿಕೆಯೂ ಅದನ್ನು ತಗ್ಗಿಸಬಲ್ಲದು ಎಂಬುದು ಆಗ ಗೊತ್ತಿರಲಿಲ್ಲ. ಆ ಉತ್ಸಾಹದಲ್ಲೇ ಅವರು ಚಾಚಿದ ಕಾಗದಕ್ಕೆ ಸಹಿ ಹಾಕಿದೆ.

ಆರನೆಯ ದಿನ ಕನ್ನಡಕ ಮೂಗಿನ ಮೇಲೆ ಸರಿಯಾಗಿ ಕೂರದೆ ಕೆಳಗೆ ಸಣ್ಣ ಸಂದು ಉಳಿದಿತ್ತು. ಆ ಸಂದಿನಿಂದ ನನಗೆ ಕಂಡದ್ದು ಸ್ಟೂಲಿನ ಅಡಿಗೆ ಸರಿದು, ಬೋರಲು ಬಿದ್ದಿದ್ದ ಕಾಲಿನ ಪೆಡಲ್. ಪೆಡಲ್ ಒತ್ತಿದಾಗ ಮಾತ್ರ ಲೇಸರ್ ಹೊರಡುತ್ತದೆ ಎಂದು ಮೊದಲ ದಿನ ಅವರೇ ಹೆಮ್ಮೆಯಿಂದ ವಿವರಿಸಿದ್ದರು. ಸಹಾಯಕರು ಒಂದು ಕೈಯಲ್ಲಿ ಫೋನ್ ಹಿಡಿದು ಮಾತನಾಡುತ್ತಾ, ಇನ್ನೊಂದು ಕೈಯಿಂದ ಲೇಸರ್ ಕಡ್ಡಿಯನ್ನು ನನ್ನ ಕೆನ್ನೆಯ ಮೇಲೆ ಇಸ್ತ್ರಿ ಮಾಡಿದಂತೆ ಆಡಿಸುತ್ತಿದ್ದರು. ಕೆಂಪು ಚುಕ್ಕೆ ಮಾತ್ರ ಉರಿಯುತ್ತಿತ್ತು. ಅದು ಗುರಿ ತೋರಿಸುವ ದೀಪವಷ್ಟೆ. ಇಂಥ ಚಿಕಿತ್ಸೆಗೆ ಹೆಚ್ಚಾಗಿ ಬಳಸುವ 780ರಿಂದ 980 ನ್ಯಾನೋಮೀಟರ್ ತರಂಗಾಂತರದ ಇನ್‌ಫ್ರಾರೆಡ್ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ. ಕಾಣದ ವಸ್ತುವನ್ನು ಮಾರುವುದು ಎಷ್ಟು ಸುಲಭ!

"ಪೆಡಲ್ ಒತ್ತಿಲ್ಲವಲ್ಲ?" ಎಂದು ಕೇಳಿದೆ. "ಅದು ಆಟೋಮ್ಯಾಟಿಕ್" ಎಂಬ ಉತ್ತರ ಬಂತು. ಪ್ರತಿ ಜಾಗಕ್ಕೆ ಎಷ್ಟು ಜೂಲ್ (ಲೇಸರ್ ಶಕ್ತಿಯ ಪ್ರಮಾಣ) ಕೊಡುತ್ತಿದ್ದೀರಿ ಎಂದರೆ "ಅದನ್ನು ಮೆಷೀನ್ ನೋಡಿಕೊಳ್ಳುತ್ತದೆ." ವೈದ್ಯರನ್ನು ಕರೆಯಿರಿ ಎಂದು ಹಟ ಹಿಡಿದಾಗ ಅವರು ಬಂದು, ನಗುತ್ತಲೇ, ನನ್ನ ಸಹಿಯಿದ್ದ ಆ ಕಾಗದವನ್ನು ಮುಂದಿಟ್ಟರು: "ಕಡಿಮೆಯಾಗಿದೆ ಎಂದು ನೀವೇ ಬರೆದಿದ್ದೀರಲ್ಲ?" ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ಬಳಿಕ ನೋಡಿದ ಇನ್ನೊಬ್ಬ ವೈದ್ಯರು ಸ್ಕೇಲ್ ಹಿಡಿದು ಬಾಯಿಯ ತೆರವನ್ನು ಅಳೆದರು, ಕೆನ್ನೆಯ ಮತ್ತು ಕಣತಲೆಯ ಸ್ನಾಯುಗಳನ್ನು ಒತ್ತಿ ನೋಡಿದರು, ನೋವಿಲ್ಲದ ಬರೀ ಸದ್ದಿಗೆ ಚಿಕಿತ್ಸೆಯೇ ಬೇಡವೆಂದರು. ನನ್ನದು ಮುಖ್ಯವಾಗಿ ಸ್ನಾಯುವಿನ ನೋವು; ಹಗಲಿನಲ್ಲಿ ನನಗೇ ತಿಳಿಯದಂತೆ ಹಲ್ಲು ಕಚ್ಚಿ ಕೂರುತ್ತೇನೆ. ಮೆತ್ತಗಿನ ಆಹಾರ, ಬಿಸಿ ಶಾಖ, ದವಡೆಯ ವ್ಯಾಯಾಮ, ಹಲ್ಲುಗಳನ್ನು ಬಿಡಿಸಿಟ್ಟುಕೊಳ್ಳುವ ಅಭ್ಯಾಸ, ಇಷ್ಟನ್ನೇ ಹೇಳಿ ಕಳುಹಿಸಿದರು. ಲೇಸರ್ ಎಂಬುದೇ ಮೋಸವೆಂದು ನಾನು ಹೇಳುತ್ತಿಲ್ಲ, ತಾತ್ಕಾಲಿಕವಾಗಿ ನೋವು ತಗ್ಗಿದ್ದನ್ನು ಕೆಲವು ಅಧ್ಯಯನಗಳು ಕಂಡಿವೆ; ಆದರೆ ದೀರ್ಘಕಾಲದ ಟಿಎಂಡಿ ನೋವಿನ ಬಗ್ಗೆ 2023ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆ ಪ್ರಕಟಿಸಿದ ಮಾರ್ಗಸೂಚಿಯು ವ್ಯಾಯಾಮ, ಕೈಯಿಂದ ಮಾಡುವ ಚಿಕಿತ್ಸೆ ಮತ್ತು ವರ್ತನಾ ಚಿಕಿತ್ಸೆಗಳಿಗೆ ಒತ್ತು ಕೊಟ್ಟಿದೆಯೇ ಹೊರತು ಲೇಸರ್‌ಗೆ ಅಲ್ಲ.

ಮುಟ್ಟಿ ಪರೀಕ್ಷಿಸದವರಿಗೆ, ತರಂಗಾಂತರ ಮತ್ತು ಪ್ರಮಾಣವನ್ನು ಬರೆದು ಕೊಡದವರಿಗೆ ಮುಂಗಡ ಕೊಡಬೇಡಿ. ಮೂರನೆಯ ದಿನ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಕನ್ನಡಕವನ್ನು ಮಾತ್ರ ತೆಗೆಯಬೇಡಿ, ಲೇಸರ್ ನಿಜವಾಗಿ ಹೊರಡುತ್ತಿದ್ದರೆ ಕಣ್ಣಿಗೆ ಅಪಾಯ.

ಉಳಿದ ನಾಲ್ಕು ಸಿಟ್ಟಿಂಗ್‌ಗಳ ಹಣವನ್ನು ಹಿಂದಿರುಗಿಸಿ ಎಂದು ಮೂರು ಬಾರಿ ಕೇಳಿದ್ದೇನೆ. ಹಣ ಮರಳಿ ಕೊಡುವ ಪದ್ಧತಿ ತಮ್ಮಲ್ಲಿಲ್ಲ, ಬೇಕಾದರೆ ಆ ನಾಲ್ಕನ್ನು ಮನೆಯವರಲ್ಲಿ ಯಾರಿಗಾದರೂ ವರ್ಗಾಯಿಸಿಕೊಡುತ್ತೇವೆ ಎಂದು ನಿನ್ನೆ ಸಂದೇಶ ಬಂದಿದೆ.