ಮನ್ಯಾಗ ಪಿಸಿಬಿ ಮಾಡ್ಲಾಕ ಲ್ಯಾಮಿನೇಷನ್ ಮಷಿನ್: ಭಾಳ ದಿನ ಬಳಸಿದ ಮ್ಯಾಲ ಬರೆದಿದ್ದು

ಬೋರ್‌ವೆಲ್ ಮೋಟಾರಿನ ಟೈಮರ್, ಡ್ರೈ ರನ್ ಪ್ರೊಟೆಕ್ಷನ್ (ನೀರಿಲ್ಲದಾಗ ಮೋಟಾರ್ ಬಂದ್ ಮಾಡೋದು) ಇಂಥಾ ಪಿಸಿಬಿ, ಅಂದ್ರ ತಾಮ್ರದ ಗೆರಿಲೆ ಬಿಡಿಭಾಗ ಕೂಡಿಸೋ ಸರ್ಕ್ಯೂಟ್ ಬೋರ್ಡ್, ಕಲಬುರಗಿಯೊಳಗ ಮನ್ಯಾಗೇ ಮಾಡ್ತೀನ್ರಿ. ಕಿಕ್ಯಾಡ್ ಸಾಫ್ಟ್‌ವೇರ್‌ನಾಗ ಡಿಸೈನು, ಹಾಳಿ ಮ್ಯಾಲ ಲೇಸರ್ ಪ್ರಿಂಟು, ಟೋನರ್ ಟ್ರಾನ್ಸ್‌ಫರ್ (ಹಾಳಿ ಮ್ಯಾಲಿನ ಟೋನರ್ ಕಾವಿಲೆ ಬೋರ್ಡಿನ ತಾಮ್ರಕ್ಕ ಅಂಟಿಸೋದು), ಆಮ್ಯಾಗ ಎಚಿಂಗ್, ಅಂದ್ರ ಟೋನರ್ ಇಲ್ಲದ ಕಡೆಯ ತಾಮ್ರ ಫೆರಿಕ್ ಕ್ಲೋರೈಡ್ ದ್ರಾವಣದಾಗ ಕರಗಿಸೋದು. ಮೊದಲು ಟ್ರಾನ್ಸ್‌ಫರ್ ಇಸ್ತ್ರಿ ಪೆಟ್ಟಿಗಿಲೆ ಮಾಡ್ತಿದ್ದೆ, ಈಗ ಎರಡು-ಮೂರು ವರ್ಷ ಆತು ಎ4 ಲ್ಯಾಮಿನೇಷನ್ ಮಷಿನ್ ಬಳಸ್ಲಿಕತ್ತೀನಿ, ಝೆರಾಕ್ಸ್ ಅಂಗಡ್ಯಾಗ ಐಡಿ ಕಾರ್ಡ್ ಹಾಕ್ತಾರಲ್ಲ ಅದೇ. ಪ್ರೋಟೋಟೈಪ್ (ಪರೀಕ್ಷಾ ಬೋರ್ಡ್) ಮಾಡೋರು ಎಲ್ಲಕ್ಕಿಂತ ಮೊದಲು ತಗೋಬೇಕಾದ್ದು ಇದೇ ಅಂತೀನಿ, ಡ್ರಿಲ್ ಸ್ಟ್ಯಾಂಡಿಗಿಂತನೂ ಮೊದಲು.

ಇಸ್ತ್ರಿಯೊಳಗ ನಡುವ ಒತ್ತಿದ್ರ ಅಂಚಿನ ಟ್ರ್ಯಾಕ್ (ತಾಮ್ರದ ಗೆರಿ) ಹಿಡಿಯಂಗಿಲ್ಲ, ಅಂಚಿಗೆ ಒತ್ತಿದ್ರ ಟೋನರ್ ಹರಡಿ ಎರಡು ಟ್ರ್ಯಾಕ್ ಕೂಡಿಬಿಡ್ತಾವ. ಮಷಿನ್ ರೋಲರ್ ಎಲ್ಲಾ ಕಡೆ ಒಂದೇ ಸಮ ಕಾವು, ಒಂದೇ ಸಮ ಒತ್ತಡ ಕೊಡ್ತದ. 0.5 ಎಂಎಂ ಟ್ರ್ಯಾಕ್ ನನಗ ನಿಶ್ಚಿಂತಿಲೆ ಬರ್ತದ, 1.27 ಎಂಎಂ ಪಿಚ್ಚಿನ (ಕಾಲಿಂದ ಕಾಲಿಗೆ ಅಂತರ) ಎಸ್‌ಎಂಡಿ ಐಸಿನೂ (ತೂತಿಲ್ಲದ ಬೋರ್ಡ್ ಮ್ಯಾಲೇ ಬೆಸುಗಿ ಹಾಕೋ ಚಿಪ್) ಆಗ್ತದ, ಆದ್ರ 0.5 ಎಂಎಂ ಪಿಚ್ಚಿನ ಮೈಕ್ರೋಕಂಟ್ರೋಲರ್‌ಗೆ ಇದನ್ನ ನಂಬಬ್ಯಾಡ್ರಿ, ಅದಕ್ಕ ಡ್ರೈ ಫಿಲ್ಮ್ (ಬೆಳಕಿಲೆ ಚಿತ್ರ ಮೂಡಿಸೋ ತೆಳು ಹಾಳಿ) ಬೇಕು. ಡ್ರೈ ಫಿಲ್ಮ್ ಅಂಟಿಸ್ಲಾಕೂ ಇದೇ ಮಷಿನ್ ನಡೀತದ, ನಮ್ಮ ಧೂಳಿಗೆ ಮಾತ್ರ ಖೋಲಿ ಸ್ವಚ್ಛ ಇರ್ಬೇಕು.

ಬೋರ್ಡ್ ದಪ್ಪದ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಈ ಮಷಿನ್ ಹಾಳಿ ಸಲುವಾಗಿ ಮಾಡಿದ್ದು, 1.6 ಎಂಎಂ ಗ್ಲಾಸ್ ಎಪಾಕ್ಸಿ ಬೋರ್ಡ್ ಹಾಕಿದ್ರ ಮೋಟಾರ್ ಏದುಸಿರು ಬಿಡ್ತದ, ಒಳಗಿನ ಪ್ಲಾಸ್ಟಿಕ್ ಗೇರಿಗೆ ಭಾರ ಬೀಳ್ತದ. ಅದಕ್ಕೇ ನಾನು ಪ್ರೋಟೋಟೈಪಿಗೆಲ್ಲಾ 0.8 ಎಂಎಂ ಬೋರ್ಡ್ ತರಸ್ತೀನಿ, ಕತ್ತರಸೋದೂ ಹಗೂರ. ಕತ್ತರಿಸಿದ ಅಂಚು ಕಾನಸಿಲೆ ಉಜ್ಜಿನೇ ಒಳಗ ಬಿಡ್ರಿ, ಇಲ್ಲಂದ್ರ ರಬ್ಬರ್ ರೋಲರ್ ಗೀಚಿ ಹೋಗ್ತದ. ತಾಮ್ರ ಕಾವು ಎಳಕೊಳ್ಳೋದ್ರಿಂದ ಒಂದೇ ಸಲಕ್ಕ ಟೋನರ್ ಹಿಡಿಯಂಗಿಲ್ಲ, ಮತ್ತ ಮತ್ತ ಬಿಡ್ಬೇಕು, ಪ್ರತಿ ಸಲ ಬೋರ್ಡ್ ತಿರುಗಿಸಿ. ಬ್ಯಾಸಗಿಯೊಳಗ ವೋಲ್ಟೇಜ್ ಇಳಿದಾಗ ಮಷಿನ್ ಕಾಯ್ಲಾಕೇ ತಡ ಆಗ್ತದ, ಹಸಿರು ಲೈಟ್ ಬಂದ ಮ್ಯಾಲೂ ಸ್ವಲ್ಪ ತಡದು ಹಾಕ್ರಿ.

ಮಿರರ್, ಅಂದ್ರ ಪ್ರಿಂಟ್ ಕನ್ನಡ್ಯಾಗಿನಂಗ ಉಲ್ಟಾ ತೆಗೆಯೋದು, ಅದರ ಬಗ್ಗೆ ಭಾಳ ಮಂದಿ ಕೇಳ್ತಾರ. ತೂತಿನ ಕಾಂಪೋನೆಂಟ್ ಇದ್ದು ತಾಮ್ರ ಕೆಳಗಿನ ಲೇಯರ್‌ನಾಗಿದ್ರ ಮಿರರ್ ಬ್ಯಾಡ, ಎಸ್‌ಎಂಡಿ ಮ್ಯಾಲಿನ ಲೇಯರ್‌ನಾಗಿದ್ರ ಮಿರರ್ ಬೇಕು. ಪ್ರಿಂಟ್ 100 ಪರ್ಸೆಂಟ್ ಸ್ಕೇಲಿನಾಗ ತೆಗೀರಿ, ಹಾಳಿ ಮ್ಯಾಲ ಐಸಿ ಇಟ್ಟು ಕಾಲು ಕೂಡ್ತಾವೋ ಇಲ್ಲೋ ನೋಡ್ರಿ.

ಎಚಿಂಗಿಗೆ ನಮ್ಮ ಏಪ್ರಿಲ್-ಮೇ ಬಿಸಿಲು ಛಲೋ, 40 ಡಿಗ್ರಿ ದಾಟಿರ್ತದಲ್ಲ, ಫೆರಿಕ್ ಕ್ಲೋರೈಡ್ ಕಾಸೋದೇ ಬೇಕಾಗಂಗಿಲ್ಲ. ಚಳಿಗಾಲದಾಗ ಟ್ರೇ ಕೆಳಗ ಬಿಸಿನೀರು ಇಡ್ರಿ. ಟ್ರೇ ಪ್ಲಾಸ್ಟಿಕ್ಕೇ ಇರ್ಲಿ, ಸ್ಟೀಲ್ ತಿಂದುಬಿಡ್ತದ. ಇನ್ನೊಂದು, ನಮ್ಮ ಮನಿಗಳಾಗ ಶಹಾಬಾದ್ ಫರ್ಸಿ ಇರ್ತಾವ, ಅದು ಸುಣ್ಣದ ಕಲ್ಲು, ಫೆರಿಕ್ ಕ್ಲೋರೈಡ್ ಹುಳಿ, ಒಂದು ಹನಿ ಬಿದ್ರೂ ಕಲ್ಲು ತಿಂದು ಕಂದು ಕಲೆ ಉಳೀತದ. ಕೆಳಗ ದೊಡ್ಡ ಪ್ಲಾಸ್ಟಿಕ್ ಬುಟ್ಟಿ ಇಟ್ಕೊಂಡೇ ಮಾಡ್ರಿ. ಬಳಸಿದ ನೀರಿನ್ಯಾಗ ತಾಮ್ರ ಇರ್ತದ, ಗಟಾರಕ್ಕ ಬಿಡಲೇಬ್ಯಾಡ್ರಿ. ಅಗಲ ಡಬ್ಬ್ಯಾಗ ವಾಷಿಂಗ್ ಸೋಡಾ ಸಾವಕಾಶ ಹಾಕಿದ್ರ ನೊರಿ ಬಂದು ತಾಮ್ರ ಕೆಳಗ ಕೂಡ್ತದ, ಅದನ್ನ ಒಣಗಿಸಿ ಬ್ಯಾರೆ ಡಬ್ಬ್ಯಾಗ ಕೂಡಿಡ್ರಿ.

230 ವೋಲ್ಟ್ ಬರೋ ರಿಲೇ ಬೋರ್ಡ್ ಮಾಡೋರು ಕರೆಂಟ್ ಕಡೆಗೂ ಮೈಕ್ರೋಕಂಟ್ರೋಲರ್ ಕಡೆಗೂ ನಡುವ 6 ಎಂಎಂಕಿಂತ ಹೆಚ್ಚೇ ಜಾಗ ಬಿಡ್ರಿ, ಮನ್ಯಾಗ ಮಾಡಿದ ಬೋರ್ಡಿಗೆ ಸೋಲ್ಡರ್ ಮಾಸ್ಕ್ (ತಾಮ್ರದ ಮ್ಯಾಲಿನ ರಕ್ಷಣಾ ಲೇಪ) ಇರಂಗಿಲ್ಲ. ಡಬಲ್ ಸೈಡ್ ಬೇಕಂದ್ರ, ಇಲ್ಲಾ ಹತ್ತಿಪ್ಪತ್ತು ಬೋರ್ಡ್ ಬೇಕಂದ್ರ ಹೊರಗ ಆರ್ಡರ್ ಮಾಡೋದೇ ಪಾಡ. ಆದ್ರ ರಾತ್ರಿ ಮಾಡಿದ ಡಿಸೈನು ಮರುದಿನ ಮಧ್ಯಾಹ್ನ ಹೊಲದ ಸ್ಟಾರ್ಟರ್ ಡಬ್ಬ್ಯಾಗ ಕೂಡಿಸಿ ನೋಡಬೇಕಂದ್ರ ಈ ಮಷಿನ್ನೇ ಬೇಕು.

ತಗೊಳ್ಳೋವಾಗ ರಿವರ್ಸ್ ಬಟನ್ ಇರೋದು ನೋಡ್ರಿ, ಬೋರ್ಡ್ ಸಿಕ್ಕಾಕೊಂಡ್ರ ಅದೇ ಉಳಸ್ತದ. ಕಿಸೆದಾಗ ಒಂದು ಬೋರ್ಡ್ ಚೂರು ಒಯ್ಯಿರಿ, ರೊಕ್ಕ ಕೊಡೋಕಿಂತ ಮೊದಲು ಅಂಗಡ್ಯಾಗೇ ಹಾಕಿಸಿ, ಸಲೀಸ ಆ ಕಡೆ ಬಂದ್ರ ತಗೋರಿ.