ಫುಟ್‌ಪಾತ್‌ಗೆ ಪೇವರ್, ಕಾಂಕ್ರೀಟ್, ಫರಸಿ: ಯಾವುದು ಎಲ್ಲಿಗೆ?

ಮುಧೋಳದಂಥ ಊರಲ್ಲಿ ಫುಟ್‌ಪಾತ್‌ಗೆ ಏನು ಹಾಕಿಸೋದು ಅಂತ ಕೇಳಿದ್ದೀರಿ. ಮೊದಲು ಮಣ್ಣು ನೋಡಿ. ಅಲ್ಲಿಯ ಎರೆಮಣ್ಣು (ಕಪ್ಪು ಮಣ್ಣು) ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಕಾಂಕ್ರೀಟ್ ಸೀಳುತ್ತದೆ. ಪೇವರ್, ಅಂದರೆ ಜೋಡಿಸುವ ಸಿಮೆಂಟ್ ಬ್ಲಾಕ್, ಕುಸಿದರೆ ಎತ್ತಿ, ಮರಳು ಹಾಸಿ, ಮತ್ತೆ ಕೂರಿಸಬಹುದು. ನೀರಿನ ಪೈಪಿಗೆ ಪದೇ ಪದೇ ಅಗೆಯುವ ಓಣಿಗೂ ಅದೇ ಸರಿ. ಆದರೆ ಅಂಚುಕಲ್ಲು ಗಟ್ಟಿ ಇರದಿದ್ದರೆ ಬ್ಲಾಕ್ ಸರಿದು, ಸಂದಿನಲ್ಲಿ ಗಾಲಿಕುರ್ಚಿಯ ಮುಂದಿನ ಗಾಲಿ ಸಿಕ್ಕಿಕೊಳ್ಳುತ್ತದೆ.

ಗಾಲಿಕುರ್ಚಿಗೆ, ಕೋಲೂರಿ ನಡೆಯುವ ಅಜ್ಜಿಗೆ ಕಾಂಕ್ರೀಟೇ ಸಲೀಸು. ಆಸ್ಪತ್ರೆ, ಬಸ್ ಸ್ಟ್ಯಾಂಡ್ ಮುಂದೆ ಖರ್ಚು ಜಾಸ್ತಿಯಾದರೂ ಎರೆಮಣ್ಣು ತೆಗೆದು ಗರಸು ತುಂಬಿ, ಚೆನ್ನಾಗಿ ದಮ್ಮಸು ಮಾಡಿ ಕಾಂಕ್ರೀಟನ್ನೇ ಹಾಕಿಸಿ.

ಫರಸಿ (ಹಾಸುಗಲ್ಲು) ಚಂದ, ಬಾಳಿಕೆಯೂ ಇದೆ. ನುಣುಪಾದದ್ದು ಮಳೆಯಲ್ಲಿ ಜಾರುತ್ತದೆ, ಒರಟಾದದ್ದನ್ನೇ ಆರಿಸಿ.

ಯಾವುದಾದರೂ ಸರಿ, ನಡೆಯಲು 1.8 ಮೀಟರ್ ಅಗಲ ಖಾಲಿ ಬಿಡಿಸಿ. ಗಾಲಿಕುರ್ಚಿ ಹತ್ತಿ ಇಳಿಯುವ ಇಳಿಜಾರು 12 ಅಡಿ ಉದ್ದಕ್ಕೆ 1 ಅಡಿ ಏರಿಕೆ ಮೀರದಿರಲಿ.