ಪೆನ್ನೋ, ಕೀಬೋರ್ಡೋ?

ಪುಸ್ತಕದಲ್ಲಿ ಬರೆಯಲಾ, ಕಂಪ್ಯೂಟರ್ ಸಾಕಾ ಅಂತ ಕೇಳಿದ್ದೀರಿ. ಏನು ಬರೆಯುತ್ತೀರಿ ಅನ್ನೋದನ್ನು ಮೊದಲು ನೋಡಿ.

ಪಾಠ ಕೇಳುತ್ತಾ ಟಿಪ್ಪಣಿ ಮಾಡಿಕೊಳ್ಳುವುದಾದರೆ ನನ್ನ ಓಟು ಪೆನ್ನಿಗೆ. ಕೈ ನಿಧಾನ. ಕೇಳಿದ್ದನ್ನೆಲ್ಲ ಇಳಿಸೋಕೆ ಆಗಲ್ಲ, ಮುಖ್ಯವಾದದ್ದನ್ನು ಅಲ್ಲೇ ಆರಿಸಿಕೊಳ್ಳಬೇಕು. ಪಕ್ಕದಲ್ಲಿ ಒಂದು ಬಾಣ, ಸಣ್ಣ ಚಿತ್ರ ಎಳೆಯೋದೂ ಸುಲಭ. 2014ರಲ್ಲಿ ಪ್ರಕಟವಾದ, ಮನೋವಿಜ್ಞಾನ ಸಂಶೋಧಕರಾದ ಮ್ಯುಲರ್ ಮತ್ತು ಓಪನ್‌ಹೈಮರ್ ಅವರ ಅಧ್ಯಯನದಲ್ಲಿ, ಲ್ಯಾಪ್‌ಟಾಪ್ ಹಿಡಿದವರು ಮಾತನ್ನು ಇದ್ದಹಾಗೇ ಟೈಪ್ ಮಾಡಿದ್ದೇ ಜಾಸ್ತಿ. ಅರ್ಥ ಮಾಡಿಕೊಂಡು ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಅವರು ಹಿಂದೆ ಬಿದ್ದರು. ಆಮೇಲೆ ನಡೆದ ಪ್ರಯೋಗಗಳಲ್ಲಿ ಈ ವ್ಯತ್ಯಾಸ ಅಷ್ಟು ಗಟ್ಟಿಯಾಗಿ ಕಾಣಲಿಲ್ಲ ಅನ್ನೋದನ್ನೂ ಹೇಳಬೇಕು.

ಉದ್ದದ ಲೇಖನ, ವರದಿ, ನಾಲ್ಕು ಜನ ತಿದ್ದುವ ಬರಹ ಆದರೆ ಕಂಪ್ಯೂಟರೇ ಸರಿ. ಮೂರನೇ ಪ್ಯಾರಾ ಮೊದಲಿಗೆ ಬರಬೇಕು ಅನ್ನಿಸಿದರೆ ಕಾಗದದಲ್ಲಿ ಪುಟವನ್ನೇ ಮತ್ತೆ ಬರೆಯಬೇಕು, ಅಲ್ವಾ? ಕನ್ನಡ ಟೈಪಿಂಗ್‌ಗೆ ಸ್ವಲ್ಪ ತಾಳ್ಮೆ ಬೇಕು. 'ಕ್ಷ' ಮೂಡಿಸಲು ಕೆಲವು ಕೀಬೋರ್ಡ್ ವಿನ್ಯಾಸಗಳಲ್ಲಿ ಕ, ಒತ್ತಿನ ಕೀಲಿ, ಷ ಹೀಗೆ ಮೂರು ಸಲ ಒತ್ತಬೇಕು. ದಿನಾ ಬರೆದರೆ ಬೆರಳು ತಾನಾಗೇ ಕಲಿಯುತ್ತದೆ.

ಖರ್ಚು ಕಡಿಮೆ ಪೆನ್ನಿಗೇ. ಪುಸ್ತಕ ನೆನೆದರೆ ಬರೆದದ್ದು ಹೋಯಿತು, ಫೈಲಿಗೆ ಇನ್ನೊಂದು ಪ್ರತಿ ಇಡಬಹುದು. ಡೈರಿಯನ್ನು ಮಾತ್ರ ನಾನು ಕೈಯಲ್ಲೇ ಬರೆಯುತ್ತೇನೆ. ಹೊಡೆದುಹಾಕಿದ ಸಾಲೂ ಅಲ್ಲಿ ಉಳಿದಿರುತ್ತದೆ, ಅದು ನನಗೆ ಬೇಕು.